ಮೊದಲು ಗಾಜಿನ ಹಂಚು ತೊಳೆಯಿರಿ

ಸಂಪಾದಕರ ಉತ್ತರ

ಬ್ರಹ್ಮಾವರದಿಂದ ಓದುಗರೊಬ್ಬರು ಬರೆದ ಪತ್ರದ ಮುಖ್ಯ ಭಾಗ ಇದು:

“ಮಳೆ ಬಿಟ್ಟಿತು. ಇನ್ನು ದೀಪಾವಳಿಯ ತನಕ ಸೊಂಟ ನೆಟ್ಟಗೆ ಮಾಡಲು ಪುರುಸೊತ್ತಿಲ್ಲ. ನಮ್ಮದು ಹಳೆಯ ಹಂಚಿನ ಮನೆ. ಕೆಲಸದ ಪಟ್ಟಿ ಜೊತೆಗಿಟ್ಟಿದ್ದೇನೆ, ನೋಡಿ ನಗಬೇಡಿ. ಮೊನ್ನೆ ಕಪಾಟು ಖಾಲಿ ಮಾಡುವಾಗ ಹನ್ನೊಂದು ವರ್ಷದ ಹಿಂದೆ ಶುರು ಮಾಡಿದ ಮೇಜಿನ ಬಟ್ಟೆ ಸಿಕ್ಕಿತು. ನಿಮ್ಮ ಪತ್ರಿಕೆಯಲ್ಲೇ ಬಂದ ನವಿಲಿನ ಜೋಡಿ. ಬಲಗಡೆಯದು ಮುಗಿದಿದೆ, ಎಡಗಡೆಯದಕ್ಕೆ ಬಾಲ ಇಲ್ಲ. ಸೂಜಿ ಚುಚ್ಚಿಟ್ಟ ಕಡೆ ತುಕ್ಕಿನ ಕಲೆ, ಒಂದು ಮೂಲೆಯಲ್ಲಿ ಬೂಷ್ಟು. ಎಣಿಸಿದೆ, ಇನ್ನೂ 1,200 ಚೌಕ ಬಾಕಿ. ಸೊಸೆ ‘ಅತ್ತೆ, ಇಂಥದ್ದು ಆನ್‌ಲೈನಿನಲ್ಲಿ ಇನ್ನೂರು ರೂಪಾಯಿಗೆ ಸಿಗ್ತದೆ’ ಎಂದಳು. ನಂದು ಬರೇ ಕ್ರಾಸ್ ಸ್ಟಿಚ್, ಚೌಕಕ್ಕೊಂದು ಗುಣಿಸು ಗುರುತು ಹೊಲಿಯುವುದು, ಧಾರವಾಡದವರ ಕಸೂತಿಯಂಥ ದೊಡ್ಡ ಕೆಲಸ ಏನಲ್ಲ. ವಯಸ್ಸು 58, ಕಣ್ಣು ಮೊದಲಿನಂತಿಲ್ಲ. ಹಗಲು ಹೊತ್ತು ಸೂಜಿ ಹಿಡಿದು ಕೂತರೆ ಕೆಲಸ ಕದ್ದು ಕೂತಂತೆ ಆಗುತ್ತದೆ. ಇದನ್ನು ಮುಗಿಸಲಾ, ಒರಸುವ ಬಟ್ಟೆ ಮಾಡಲಾ? ಹೆಸರು ಹಾಕಬೇಡಿ, ಮನೆಯಲ್ಲಿ ಎಲ್ಲರೂ ಓದುತ್ತಾರೆ.”

ಬ್ರಹ್ಮಾವರದ ಅಕ್ಕನಿಗೆ ನಮಸ್ಕಾರ.

ಹೆಸರು ಹಾಕಿಲ್ಲ. ಆದರೂ ಮನೆಯವರಿಗೆ ಗೊತ್ತಾಗದೆ ಇದ್ದೀತು ಎಂದು ನನಗೆ ಧೈರ್ಯವಿಲ್ಲ. ಬಾಲ ಇಲ್ಲದ ನವಿಲು ಊರಿಗೆಲ್ಲ ಒಂದೇ ಇರಬಹುದು.

ನಿಮ್ಮ ಪತ್ರ ಬಿಡಿಸಿದಾಗ ಗುಂಡುಸೂಜಿಗೆ ಸುತ್ತಿದ್ದ ಬೆರಳುದ್ದದ ಹಸಿರು ನೂಲು ಮೇಜಿನ ಮೇಲೆ ಬಿತ್ತು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಇದರ ನಂಬರು ಕಳೆದುಹೋಗಿದೆ’ ಎಂದು ಬರೆದಿದ್ದೀರಿ. ಒರಸುವ ಬಟ್ಟೆ ಮಾಡುವ ಮನಸ್ಸಿದ್ದವರು ಯಾರಾದರೂ ನೂಲಿನ ಸ್ಯಾಂಪಲ್ ಕಳಿಸುತ್ತಾರಾ? ಕೂತು 1,200 ಚೌಕ ಎಣಿಸುತ್ತಾರಾ? ಆ ಪ್ರಶ್ನೆ ಅಲ್ಲಿಗೆ ಮುಗಿಯಿತು. ಉಳಿದದ್ದು ಮಾತಾಡೋಣ.

ಮೊದಲು ನಮ್ಮ ತಪ್ಪು. ಹಳೆಯ ಸಂಚಿಕೆ ಹುಡುಕಿ ತೆಗೆದು ನೋಡಿದೆ. ಆ ನಕ್ಷೆಯಲ್ಲಿ ಎಡಗಡೆಯ ನವಿಲಿನ ಬಾಲದ ಒಂದು ಸಾಲು ಬಿಟ್ಟುಹೋಗಿದೆ. ಮುಂದಿನ ತಿಂಗಳು ತಿದ್ದುಪಡಿ ಹಾಕಿದ್ದೆವು, ಒಳಪುಟದ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದಷ್ಟು ಸಣ್ಣಕ್ಕೆ. ನೀವು ಬಾಲಕ್ಕೆ ಬಂದಾಗ ಲೆಕ್ಕ ತಪ್ಪಿ, ಒಂದೆರಡು ಸಲ ಬಿಚ್ಚಿ, ಬೇಜಾರು ಬಂದು ಎತ್ತಿಟ್ಟಿರಬೇಕು. ಹೌದಲ್ವಾ? ಹನ್ನೊಂದು ವರ್ಷ ‘ನನ್ನಿಂದ ಆಗಲಿಲ್ಲ’ ಎಂದುಕೊಂಡಿದ್ದರೆ ಕ್ಷಮಿಸಿ, ಆಗದಂತೆ ಮಾಡಿದ್ದು ನಾವು. ಆ ನಕ್ಷೆಯನ್ನು ಇನ್ನು ನೋಡಲೇಬೇಡಿ. ಬಲಗಡೆಯ ನವಿಲು ಸರಿಯಾಗಿದೆ. ಅದನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಎಣಿಸುತ್ತ ಹೋಗಿ.

ಇನ್ನು ನಿಮ್ಮ ಪಟ್ಟಿ. ನಗಲಿಲ್ಲ. ಓದುತ್ತ ಓದುತ್ತ ನನಗೇ ಸೊಂಟ ಹಿಡಿಯಿತು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆ. ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ನಾಲ್ಕು ತಿಂಗಳಲ್ಲಿ ಚಪ್ಪಲಿ, ಬೆಲ್ಟು, ಕಪಾಟಿನ ಹಿಂಬದಿ, ಮದುವೆಯ ಆಲ್ಬಮ್, ದೇವರ ಪಟದ ಚೌಕಟ್ಟು, ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಉಪ್ಪಿನ ಭರಣಿಯಲ್ಲಿ ನೀರು ನಿಂತಿರುತ್ತದೆ. ತುಳು ಲೆಕ್ಕದ ನಿರ್ನಾಲ ತಿಂಗಳು ಕಳೆದು, ಅಕ್ಟೋಬರಿನ ಮಧ್ಯಕ್ಕೆ ಬೊಂತೆಲ್ ತಿಂಗಳು ಬರುವಾಗ ಒಮ್ಮೆಲೇ ಬಿಸಿಲು. ಆಗ ಎಲ್ಲ ಕೆಲಸವೂ ಒಟ್ಟಿಗೆ ನೆನಪಾಗುತ್ತದೆ. ಜಗಲಿಗೆ ಕಟ್ಟಿದ ಟಾರ್ಪಾಲು ಬಿಚ್ಚಬೇಕು. ಹಾಸಿಗೆ, ತಲೆದಿಂಬು ಒಣಗಿಸಬೇಕು. ಅಂಗಳದ ಪಾಚಿಯನ್ನು ಹಿಡಿಸೂಡಿಯಲ್ಲಿ ತಿಕ್ಕಬೇಕು. ಹಿಂದೆ ಮಣ್ಣಿನ ಅಂಗಳ ಕೆತ್ತಿ, ಪೆಟ್ಟುಮಣೆಯಲ್ಲಿ ಬಡಿದು, ಸೆಗಣಿ ಸಾರಿಸುತ್ತಿದ್ದರು. ಈಗ ಇಂಟರ್‌ಲಾಕ್ ಬಂದಿದೆ. ಇಂಟರ್‌ಲಾಕ್ ಹಾಕಿಸಿದರೆ ಕೆಲಸ ಕಮ್ಮಿ ಎಂದು ಹೇಳುವವರು ಅದರ ಸಂದಿಯ ಹುಲ್ಲು ಒಂದು ದಿನವೂ ಕಿತ್ತವರಲ್ಲ.

ಪಟ್ಟಿಯಲ್ಲಿ ಒಟ್ಟು ಹತ್ತೊಂಬತ್ತು ಕೆಲಸ ಇದೆ. ಅದರಲ್ಲಿ ಆರನ್ನು ನಾನು ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದೇನೆ, ಬೇಸರಿಸಬೇಡಿ. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನು ಇಳಿಸಿ, ತಿಕ್ಕಿ, ಪುನಃ ಅಟ್ಟಕ್ಕೇ ಏರಿಸುವುದು ಯಾರಿಗಾಗಿ? ಹಚ್ಚುವ ದೀಪಗಳನ್ನು ತಿಕ್ಕಿ. ನರಕ ಚತುರ್ದಶಿಯ ಮುಂಚಿನ ಸಂಜೆ ನೀರು ತುಂಬುವ ಹಂಡೆಯನ್ನು ತಿಕ್ಕಿ, ಅದಕ್ಕೆ ಬಳ್ಳಿ ಸುತ್ತುವ ಸಂಭ್ರಮವನ್ನು ಯಾಕೆ ಬಿಡಬೇಕು? ಉಳಿದದ್ದು ಇನ್ನೊಂದು ವರ್ಷ ಕಪ್ಪಾಗಿಯೇ ಇರಲಿ. ಸೋಫಾದ ಕವರು ಹೊಲಿಸುವುದು, ಹಳೆಯ ಪೇಪರ್ ವಿಂಗಡಿಸುವುದು, ಇದಕ್ಕೆಲ್ಲ ಬಿಸಿಲು ಬೇಕಾಗಿಲ್ಲ. ಜನವರಿಯಲ್ಲೂ ಮಾಡಬಹುದು.

ಆದರೆ ಒಂದು ಕೆಲಸ ನಿಮ್ಮ ಪಟ್ಟಿಯಲ್ಲಿ ಇಲ್ಲ. ಅದನ್ನು ಎಲ್ಲಕ್ಕಿಂತ ಮೇಲೆ ಬರೆದುಕೊಳ್ಳಿ. ಮಾಡಿನ ಗಾಜಿನ ಹಂಚು ತೊಳೆಸುವುದು.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1851ರಲ್ಲಿ ನೇಯ್ಗೆ ಶುರು ಮಾಡಿದರು, 1865ರಲ್ಲಿ ಹಂಚಿನ ಕಾರ್ಖಾನೆ. ಬಟ್ಟೆ ಮೊದಲು, ಹಂಚು ಆಮೇಲೆ. ನಮ್ಮ ಹಳೆಯ ಮನೆಗಳಲ್ಲಿ ಸೂಜಿ ಕೆಲಸಕ್ಕೆ ಬೆಳಕು ಕೊಟ್ಟದ್ದು ಆ ಕೆಂಪು ಹಂಚುಗಳ ನಡುವೆ ಕೂರಿಸಿದ, ಅದೇ ಆಕಾರದ ಒಂದೋ ಎರಡೋ ಗಾಜಿನ ಹಂಚು. ಕಟಪಾಡಿಯಲ್ಲಿ ನಮ್ಮ ದೊಡ್ಡಮ್ಮನ ಮನೆಯ ಚಾವಡಿಯಲ್ಲಿ ಅಂಥದ್ದೊಂದು ಇತ್ತು. ಮಧ್ಯಾಹ್ನ ಊಟ ಮುಗಿದು ಎಂಜಲು ಬಳಿಯುವ ಹೊತ್ತಿಗೆ ಅದರ ಬೆಳಕು ಕಂಬದ ಬುಡದಲ್ಲಿ ಬೀಳುತ್ತಿತ್ತು. ಒಂದು ತಟ್ಟೆಯಷ್ಟು ದೊಡ್ಡದು, ಅಂಚು ಸ್ವಲ್ಪ ನಡುಗುತ್ತಿತ್ತು, ಒಳಗೆ ಧೂಳು ಕುಣಿಯುತ್ತಿತ್ತು. ದೊಡ್ಡಮ್ಮ ಅಲ್ಲಿ ಚಾಪೆ ಹಾಕಿ, ಮಡಿಲಲ್ಲಿ ತಲೆದಿಂಬಿನ ಕವರು ಇಟ್ಟುಕೊಂಡು ಕೂರುತ್ತಿದ್ದರು. ಬೆಳಕು ಸರಿಯುತ್ತಿತ್ತು. ಅವರೂ ಚಾಪೆಯ ಸಮೇತ ಸರಿಯುತ್ತಿದ್ದರು. ಕಂಬದಿಂದ ಶುರುವಾದ ಪ್ರಯಾಣ ಉಯ್ಯಾಲೆಯ ಹತ್ತಿರ ಬರುವಾಗ ಒಂದು ಗುಲಾಬಿಯ ಎಲೆ ಮುಗಿದಿರುತ್ತಿತ್ತು. ಬೆಳಕು ಗೋಡೆ ಹತ್ತಿದ ಕೂಡಲೇ ಸೂಜಿ ಎತ್ತಿಡುತ್ತಿದ್ದರು. “ಬೆಳಕು ಗೋಡೆಗೆ ಹೋಯ್ತು, ಚಾ ಇಡು” ಎಂದು ನನ್ನನ್ನು ಎಬ್ಬಿಸುತ್ತಿದ್ದರು. ಆ ಮನೆಯಲ್ಲಿ ಗಡಿಯಾರ ಇತ್ತು. ಯಾರೂ ಅದನ್ನು ನೋಡುತ್ತಿರಲಿಲ್ಲ.

ಮಳೆಗಾಲದಲ್ಲಿ ಆ ಹಂಚಿನ ಮೇಲೆ ಹಲಸಿನ ಎಲೆ ಬಿದ್ದು ಕೊಳೆತು, ಪಾಚಿ ಕಟ್ಟಿ, ಚಾವಡಿ ಹಗಲಲ್ಲೂ ಮಬ್ಬು. ಸೂಜಿ ಕೆಲಸ ಬಂದ್. ಮಳೆ ಬಿಟ್ಟ ಮೇಲೆ ದೊಡ್ಡಮ್ಮ ಮಾಡಿಸುತ್ತಿದ್ದ ಮೊದಲ ಕೆಲಸವೇ ಅದು. ಹಾಸಿಗೆಗೂ ಮುಂಚೆ, ಹಂಡೆಗೂ ಮುಂಚೆ. ಉದ್ದದ ಬಿದಿರಿಗೆ ಒದ್ದೆ ಬಟ್ಟೆ ಕಟ್ಟಿ, ಏಣಿಯಲ್ಲಿ ನಿಂತು ಉಜ್ಜಿಸುತ್ತಿದ್ದರು. ನೀವು ಏಣಿ ಹತ್ತಲು ಹೋಗಬೇಡಿ ಮತ್ತೆ. ತೆಂಗಿನಕಾಯಿ ಕೀಳಲು ಬರುವವರಿಗೆ ಹೇಳಿದರೆ ಹತ್ತು ನಿಮಿಷದ ಕೆಲಸ. ಹಂಚಿನ ಮೇಲೆ ಕಾಲಿಡದಂತೆ ಮಾತ್ರ ಎಚ್ಚರಿಸಿ, ಪಾಚಿ ಇನ್ನೂ ಜಾರುತ್ತಿರುತ್ತದೆ.

ಯಾಕೆ ಇಷ್ಟು ಹೇಳಿದೆ ಅಂದರೆ, ಈ ತಿಂಗಳ ಬಿಸಿಲನ್ನು ನೀವು ಪೂರ್ತಿ ಹಾಸಿಗೆಗೂ ಭರಣಿಗೂ ಹಂಚಿಬಿಟ್ಟಿದ್ದೀರಿ. ನಿಮ್ಮ ಕಣ್ಣಿಗೆ ಒಂದು ಪಾಲು ಇಟ್ಟೇ ಇಲ್ಲ. ನಾಲ್ಕು ತಿಂಗಳು ಮೋಡ, ನಡುವೆ ಕರೆಂಟು ಇಲ್ಲ. ಬೂಷ್ಟು ಒಣಗುವ ಕಾಲ ಯಾವುದೋ ಸೂಜಿಯ ಕಾಲವೂ ಅದೇ. ಎಲ್ಲ ಕೆಲಸ ಮುಗಿಸಿ ಆರಾಮವಾಗಿ ಕೂರುತ್ತೇನೆ ಎಂದರೆ ಕೆಲಸ ಮುಗಿಯುವುದೂ ಇಲ್ಲ, ಬೆಳಕು ಕಾಯುವುದೂ ಇಲ್ಲ.

ಹಗಲು ಕೂತರೆ ಕದ್ದಂತೆ ಆಗುತ್ತದೆ ಎಂದಿರಿ. ನಮ್ಮ ಹಿರಿಯರು ಏನು ಹೇಳುತ್ತಿದ್ದರು, ನೆನಪು ಮಾಡಿ. ದೀಪ ಹಚ್ಚಿದ ಮೇಲೆ ಹೊಲಿಯಬಾರದು, ಯಾರಿಗೂ ಸೂಜಿ ಕೊಡಬಾರದು. ಚಿಮಣಿ ದೀಪದ ಬೆಳಕಿನಲ್ಲಿ ಕಣ್ಣು ಹಾಳು, ಕೆಳಗೆ ಬಿದ್ದ ಸೂಜಿ ಸಿಕ್ಕುವುದು ಮಗುವಿನ ಕಾಲಿಗೇ. ಅದಕ್ಕೇ ಹಾಗೆ ಹೇಳಿರಬೇಕು. ಇರಲಿ, ರಾತ್ರಿ ಹೊಲಿಯಬಾರದು, ಹಗಲು ಹೊಲಿದರೆ ಸೋಮಾರಿ. ಹಾಗಾದರೆ ಹೊಲಿಯುವುದು ಯಾವಾಗ ಮಾರಾಯ್ರೆ? ರಾತ್ರಿ ಬೇಡ ಎಂದವರು ಹಗಲು ಬಿಟ್ಟುಕೊಟ್ಟಿದ್ದಾರೆ ಎಂದೇ ನಾನು ತಿಳಿದುಕೊಂಡಿದ್ದೇನೆ.

ಮತ್ತೆ ಈ ತಿಂಗಳಲ್ಲಿ ಮಧ್ಯಾಹ್ನ ನೀವು ಹೇಗೂ ಜಗಲಿಯಲ್ಲಿ ಕೂರಲೇಬೇಕು. ಬೊಂತೆಲಿನ ಆಕಾಶವನ್ನು ನಂಬುವ ಹಾಗಿಲ್ಲ. ಎರಡು ಗಂಟೆಗೆ ಸುಡುವ ಬಿಸಿಲು, ಮೂರೂವರೆಗೆ ಘಟ್ಟದ ಕಡೆಯಿಂದ ಗುಡುಗು. ಅಂಗಳದಲ್ಲಿ ಹಾಸಿಗೆ ಹರಡಿದ್ದರೆ ಯಾರಾದರೂ ಕಾಯಬೇಕು. ಸುಮ್ನೆ ಕೂತು ಮೊಬೈಲ್ ಒತ್ತುವ ಬದಲು ನವಿಲನ್ನು ತೆಗೆಯಿರಿ. ಗಾಜಿನ ಹಂಚಿನಡಿ ಒಂದು ಹೊತ್ತು, ಜಗಲಿಯಲ್ಲಿ ಒಂದು ಹೊತ್ತು. ಫ್ಲ್ಯಾಟಿನಲ್ಲಿ ಇರುವ ಓದುಗರು ಇದನ್ನು ಓದುತ್ತಿದ್ದರೆ, ಬಟ್ಟೆ ಒಣಗುವ ಬಾಲ್ಕನಿಯಲ್ಲಿ ಒಂದು ಸ್ಟೂಲು ಸಾಕು.

ಈಗ ಬಟ್ಟೆಯ ಚಿಕಿತ್ಸೆ. ಬೂಷ್ಟು ಇರುವ ಬಟ್ಟೆಯನ್ನು ತಕ್ಷಣ ನೀರಿಗೆ ಹಾಕಬೇಡಿ. ಮೊದಲು ಅಂಗಳಕ್ಕೆ ತೆಗೆದುಕೊಂಡು ಹೋಗಿ, ಉಲ್ಟಾ ಮಾಡಿ ಚೆನ್ನಾಗಿ ಒಣಗಿಸಿ. ಒಣಗಿದ ಬೂಷ್ಟು ಮೆತ್ತಗಿನ ಬ್ರಶ್ಶಿಗೆ ಉದುರುತ್ತದೆ. ಒದ್ದೆ ಇದ್ದಾಗ ಉಜ್ಜಿದರೆ ನೂಲಿನ ಒಳಕ್ಕೇ ಇಳಿಯುತ್ತದೆ. ಕೋಣೆಯೊಳಗೆ ಕೊಡವಿದಿರೋ, ಪಕ್ಕದ ಸೀರೆಗೆ ದಾಟುತ್ತದೆ. ಆಮೇಲೆ ಕೆಂಪು ನೂಲಿನ ಮೇಲೆ ಒದ್ದೆ ಮಾಡಿದ ಬಿಳಿ ಬಟ್ಟೆ ಒತ್ತಿ ಹಿಡಿದು ನೋಡಿ. ಬಣ್ಣ ಹತ್ತದಿದ್ದರೆ ತಣ್ಣೀರಿನಲ್ಲಿ ಒಗೆಯಬಹುದು.

ತುಕ್ಕಿನ ಕಲೆ ನೋಡಿ ನನಗೆ ನನ್ನದೇ ಕಥೆ ನೆನಪಾಯಿತು. ಒಂದು ಜೂನ್‌ನಲ್ಲಿ ಫೋನ್ ಬಂತು ಎಂದು ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ, ಚೌಕಟ್ಟಿನ ಸಮೇತ ಕಪಾಟಿನಲ್ಲಿಟ್ಟೆ. ‘ನಾಳೆ ತೆಗೆಯುತ್ತೇನೆ’ ಎಂದವಳು ತೆಗೆದದ್ದು ಅಕ್ಟೋಬರಿನಲ್ಲಿ. ಸೂಜಿ ಎಳೆದರೆ ಬರುವುದಿಲ್ಲ. ಬಂದಾಗ ಅದರ ಆಕಾರದ್ದೇ ಒಂದು ಕಂದು ಗೆರೆ ಬಿಳಿ ಬಟ್ಟೆಯಲ್ಲಿ ಉಳಿದಿತ್ತು. ಚೌಕಟ್ಟಿನ ತಿರುಪು ಸಹ ತನ್ನ ಗುರುತು ಬಿಟ್ಟಿತ್ತು. ಬ್ಲೀಚ್ ಹಾಕಿದೆ, ಕಲೆ ಇನ್ನೂ ಗಟ್ಟಿಯಾಯಿತು. ತುಕ್ಕಿಗೆ ಬ್ಲೀಚ್ ಆಗುವುದಿಲ್ಲ ಎಂದು ಆಗ ಕಲಿತೆ.

ಅದಕ್ಕೆ ಬೇಕಾದದ್ದು ಹುಳಿ. ನಿಮ್ಮ ಹಿತ್ತಲಲ್ಲಿ ಬಿಂಬುಳಿ ಮರ ಇದೆಯಾ? ಸಾರಿಗೆ, ಉಪ್ಪಿನಕಾಯಿಗೆ, ಹಿತ್ತಾಳೆ ತಿಕ್ಕಲಿಕ್ಕೆ ಹಾಕುತ್ತೇವಲ್ಲ, ಅದೇ. ಅದರಲ್ಲಿ ಆಕ್ಸಾಲಿಕ್ ಆಮ್ಲ ಜಾಸ್ತಿ. ತುಕ್ಕನ್ನು ಕರಗಿಸುವುದು ಅದು. ಒಂದು ಕಾಯಿ ಜಜ್ಜಿ ರಸವನ್ನು ಕಲೆಯ ಮೇಲೆ ಮಾತ್ರ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಿರಿ. ಹೋಗದಿದ್ದರೆ ಇನ್ನೊಮ್ಮೆ. ಬಿಂಬುಳಿ ಇಲ್ಲದವರು ಲಿಂಬೆರಸಕ್ಕೆ ಉಪ್ಪು ಹಾಕಿ ಬಿಸಿಲಲ್ಲಿ ಇಡಬಹುದು, ನಿಧಾನ ಅಷ್ಟೆ. ಹುಳಿ ಬಣ್ಣದ ನೂಲಿಗೆ ತಾಗದಂತೆ ನೋಡಿಕೊಳ್ಳಿ, ಬಣ್ಣ ಎದ್ದುಹೋಗಬಹುದು. ನನ್ನ ಗೆರೆ ಮೂರನೇ ಸಲಕ್ಕೆ ಹೋಯಿತು. ತಿರುಪಿನ ಗುರುತು ಇವತ್ತಿಗೂ ಇದೆ. ಅದರ ಮೇಲೆ ಒಂದು ಚಿಟ್ಟೆ ಹೊಲಿದೆ.

ಮುಂದಿನ ಮಳೆಗಾಲಕ್ಕೆ ಎತ್ತಿಡುವಾಗ ಗಂಜಿ ಹಾಕಬೇಡಿ. ಗಂಜಿ ಎಂದರೆ ಬೂಷ್ಟಿಗೂ ಹುಳಕ್ಕೂ ಊಟ ಬಡಿಸಿದಂತೆ. ಬಿಸಿಲಿನಿಂದ ತಂದ ಬಟ್ಟೆಯನ್ನು ಬಿಸಿ ಆರದೆ ಮಡಚಬೇಡಿ. ಪ್ಲಾಸ್ಟಿಕ್ ಕವರಿನ ಬದಲು ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ, ಪಕ್ಕದಲ್ಲಿ ಸ್ವಲ್ಪ ಲಾವಂಚದ ಬೇರು ಇಡಿ. ಸೂಜಿ ಬಟ್ಟೆಯಲ್ಲಿ ಇರಲೇಬಾರದು.

ಕಣ್ಣಿನ ವಿಚಾರಕ್ಕೆ ಬರುತ್ತೇನೆ. 58ಕ್ಕೆ ಕಣ್ಣು ಮೊದಲಿನಂತೆ ಇರುವುದಿಲ್ಲ. ನಲವತ್ತಕ್ಕೇ ಬರುವುದರಿಂದ ತಾನೆ ಆ ಕನ್ನಡಕಕ್ಕೆ ಚಾಳೀಸು ಎಂದು ಹೆಸರು? ಹಾಕಿಕೊಳ್ಳಿ. ಕ್ರಾಸ್ ಸ್ಟಿಚ್ಚಿಗೆ ಮೊನೆ ಮೊಂಡಾದ, ಕಣ್ಣು ದೊಡ್ಡದಾದ ಸೂಜಿಯೇ ಬೇಕು. ಒಂದು ಇಂಚಿಗೆ 14 ಚೌಕ ಇರುವ ನಿಮ್ಮ ಬಟ್ಟೆಗೆ 24ನೇ ನಂಬರ್ ಸರಿಹೋಗುತ್ತದೆ. ಸೂಜಿಯಲ್ಲಿ ನಂಬರ್ ದೊಡ್ಡದಾದಷ್ಟು ಸೂಜಿ ಸಣ್ಣ, ಅಂಗಡಿಯಲ್ಲಿ ಎಡವಬೇಡಿ. ಪೋಣಿಸುವಾಗ ನೂಲಿನ ತುದಿಯನ್ನು ಹಿಡಿದು ಒದ್ದಾಡುವ ಬದಲು, ನೂಲನ್ನು ಸೂಜಿಯ ಮೇಲೆ ಮಡಚಿ, ಆ ಮಡಿಕೆಯನ್ನು ಎರಡು ಬೆರಳಲ್ಲಿ ಗಟ್ಟಿ ಒತ್ತಿ, ಒತ್ತಿದ ಮಡಿಕೆಯನ್ನೇ ಕಣ್ಣಿಗೆ ತೂರಿಸಿ. ಸಲೀಸಾಗಿ ಹೋಗುತ್ತದೆ. ನೂಲು ಒಂದು ಮೊಳಕ್ಕಿಂತ ಉದ್ದ ಬೇಡ. ಮೊಣಕೈಯಿಂದ ಬೆರಳ ತುದಿಯ ತನಕ, ಅಷ್ಟೆ. ಉದ್ದ ಮಾಡಿದರೆ ಪೋಣಿಸುವ ಕೆಲಸ ಉಳಿದೀತು, ಗಂಟು ಬಿಡಿಸುವುದರಲ್ಲಿ ಅದರ ದುಪ್ಪಟ್ಟು ಹೊತ್ತು ಹೋದೀತು.

‘ಬರೇ ಕ್ರಾಸ್ ಸ್ಟಿಚ್’ ಎಂದು ಬರೆದದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಧಾರವಾಡದ ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತೆ. ಅದರಲ್ಲಿ ಮೆಂತೆ ಎಂದರೆ ನಿಮ್ಮ ಕ್ರಾಸ್ ಸ್ಟಿಚ್ಚೇ. ಮೆಂತೆಕಾಳು ಚೆಲ್ಲಿದಂತೆ ಕಾಣುವುದರಿಂದ ಆ ಹೆಸರು. ಅವರು ಇಳಕಲ್ ಸೀರೆಯ ಮೇಲೆ ಯಾವ ಗೆರೆಯನ್ನೂ ಎಳೆಯದೆ, ಬರೇ ಎಳೆ ಎಣಿಸಿ ಗೋಪುರ, ಆನೆ ಅಂಬಾರಿ, ತುಳಸಿಕಟ್ಟೆ ತೆಗೆಯುತ್ತಾರೆ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಖಾಲಿ ಬಿಟ್ಟದ್ದನ್ನು ತುಂಬುತ್ತಾರೆ. ಬಟ್ಟೆಯನ್ನು ತಿರುಗಿಸಿದರೆ ಎರಡೂ ಮುಖ ಒಂದೇ, ಗಂಟು ಎಲ್ಲೂ ಇಲ್ಲ. ಅದು ಕಷ್ಟದ ಕೆಲಸ, ನಿಜ. ನಿಮ್ಮ ನವಿಲಿನ ಹಿಂಬದಿ ಹೇಗಿದೆ ಎಂದು ನಾನು ಕೇಳುವುದಿಲ್ಲ, ನನ್ನದನ್ನು ನೀವೂ ಕೇಳಬೇಡಿ. ಆದರೆ ಎಣಿಸುವ ಕೆಲಸ ಇಬ್ಬರದೂ ಒಂದೇ. ಒಂದು ಮಾತ್ರ ನೆನಪಿಡಿ: ಮೇಲಿನ ಎಳೆ ಎಲ್ಲ ಚೌಕದಲ್ಲೂ ಒಂದೇ ಕಡೆಗೆ ವಾಲಬೇಕು. ಒಂದೆರಡು ತಿರುಗಿದರೂ ಬೆಳಕಿಗೆ ಹಿಡಿದಾಗ ನವಿಲಿನ ಮೈಯಲ್ಲಿ ಕಲೆಯಂತೆ ಕಾಣುತ್ತದೆ.

ಸೊಸೆಯ ಮಾತಿಗೆ ಸಿಟ್ಟು ಮಾಡಬೇಡಿ. ಅವಳು ಹೇಳಿದ್ದು ಸರಿಯೇ, ಇನ್ನೂರಕ್ಕೆ ಸಿಗುತ್ತದೆ. ರೇಟಿನಲ್ಲಿ ನೀವು ಗೆಲ್ಲುವುದಿಲ್ಲ, ವಾದಕ್ಕೇ ಹೋಗಬೇಡಿ. ನಿಮ್ಮ ಗಂಟೆಗಳಿಗೆ ಕೂಲಿ ಹಾಕಿದರೆ ಆ ಬಟ್ಟೆಯ ಮೇಲೆ ತಟ್ಟೆ ಇಡಲು ಯಾರಿಗೂ ಧೈರ್ಯ ಬರುವುದಿಲ್ಲ. ನೀವು ಹೊಲಿಯುವುದು ಮೇಜಿಗೆ ಬಟ್ಟೆ ಇಲ್ಲ ಎಂದಲ್ಲವಲ್ಲ. ಊಟದ ನಂತರ ಅರ್ಧ ಗಂಟೆ ಯಾರೂ ಏನೂ ಕೇಳದೆ, ಹತ್ತು, ಹನ್ನೊಂದು, ಹನ್ನೆರಡು ಎಂದು ಮನಸ್ಸಿನಲ್ಲೇ ಎಣಿಸುತ್ತ ಕೂರುವುದರಲ್ಲಿ ಒಂದು ಸುಖ ಇದೆ. ಅದು ನಿಮಗೆ ಗೊತ್ತು, ಅದಕ್ಕೇ ಪತ್ರ ಬರೆದಿರಿ. ಅವಳನ್ನು ಪಕ್ಕದಲ್ಲಿ ಕೂರಿಸಿ ಚೌಕ ಎಣಿಸಲು ಹೇಳಿ ನೋಡಿ. ಬಂದರೂ ಬಂದಾಳು.

ಇನ್ನು ಲೆಕ್ಕ. ಒಂದು ಮೊಳ ನೂಲಿನಲ್ಲಿ, ಎರಡು ಎಳೆ ಹಿಡಿದರೆ, ನಿಮ್ಮ ಬಟ್ಟೆಯಲ್ಲಿ ಸುಮಾರು ಮೂವತ್ತೈದರಿಂದ ನಲವತ್ತು ಚೌಕ ತುಂಬುತ್ತದೆ. ದಿನಕ್ಕೆ ಒಂದು ಮೊಳ ಸಾಕು, ಜಾಸ್ತಿ ಆಸೆ ಬೇಡ. ಆಯುಧ ಪೂಜೆಯ ದಿನ ಹೊಲಿಗೆ ಮಿಶನ್ನಿನ ಜೊತೆ ಸೂಜಿಗೂ ಒಂದು ಹೂವು ಇಡಿ, ಅವತ್ತು ಅದಕ್ಕೆ ರಜೆ. ಮರುದಿನ ವಿಜಯದಶಮಿಗೆ ಶುರು ಮಾಡಿ. ಅಲ್ಲಿಂದ ಉತ್ಥಾನ ದ್ವಾದಶಿಯ ತುಳಸಿ ಪೂಜೆಗೆ ಸುಮಾರು ಮೂವತ್ತೆರಡು ದಿನ. ಉಡುಪಿಯಲ್ಲಿ ಲಕ್ಷದೀಪೋತ್ಸವ ಶುರುವಾಗುವ ಹೊತ್ತಿಗೆ ನಿಮ್ಮ ನವಿಲಿಗೆ ಬಾಲ ಬಂದಿರುತ್ತದೆ. ದೀಪಾವಳಿಯ ಮೂರು ದಿನ ಬಿಟ್ಟುಹೋದರೆ ಹೋಗಲಿ, ಆಮೇಲೆ ಒಂದೊಂದು ದಿನ ಎರಡು ಮೊಳ ಹೊಲಿಯಿರಿ.

ಹಸಿರು ನೂಲನ್ನು ಮಂಗಳೂರಿನ ಹಂಪನಕಟ್ಟೆಯ ಕಡೆ ಎರಡು ಮೂರು ಅಂಗಡಿಗಳಲ್ಲಿ ಹೊಂದಿಸಿ ನೋಡಿದೆ. ಟ್ಯೂಬ್‌ಲೈಟಿನ ಕೆಳಗೆ ನಾಲ್ಕು ಹಸಿರೂ ಒಂದೇ ತರ ಕಾಣುತ್ತಿತ್ತು. ಹೊರಗೆ ಬಿಸಿಲಿಗೆ ತಂದಾಗ ಮೂರು ಬೇರೆಯಾದವು, ಒಂದು ಉಳಿಯಿತು. ನೀವು ಕಳಿಸಿದ ನೂಲಿನ ತುಂಡು ಬಟ್ಟೆಯ ಹಿಂಬದಿಯದ್ದಾ, ಮುಂದಿನದ್ದಾ ಗೊತ್ತಿಲ್ಲ. ಹಿಂಬದಿಯದ್ದಾದರೆ ಹೊಸ ಬಾಲ ಸ್ವಲ್ಪ ಗಾಢವಾಗಿ ಕಂಡೀತು, ಯಾಕೆಂದರೆ ಮುಂದಿನ ಬಣ್ಣ ಬೆಳಕಿಗೆ ಮಾಸಿರುತ್ತದೆ. ಒಂದು ಲಡಿ ಎಂದರೆ 8 ಮೀಟರ್, ಆರು ಎಳೆ. ಲೆಕ್ಕಕ್ಕೆ ಒಂದೇ ಸಾಕು. ಬಿಚ್ಚುವುದೂ ಇರುತ್ತದೆ ಎಂದು ಎರಡು ಕಳಿಸಿದ್ದೇನೆ, ತಿದ್ದಿದ ನಕ್ಷೆಯೂ ಅದೇ ಲಕೋಟೆಯಲ್ಲಿದೆ, ದೊಡ್ಡ ಅಕ್ಷರದಲ್ಲಿ. ಹಣ ಕಳಿಸಬೇಡಿ. ಬಿಂಬುಳಿ ಇದ್ದರೆ ಒಂದು ಕಿಲೋ ಕಳಿಸಿ, ನಮ್ಮ ಮರ ಈ ಮಳೆಗೆ ಬಿದ್ದುಹೋಯಿತು.